ಆದಮನ ಮೊದಲ ಹೆಂಡತಿ

ನೀಲವ್ವ ಬೈಕುಲ್ಲಾದಲ್ಲಿ ರೆಬೆಕಾಬಾಯಿ ಎಂಬ ಯಹೂದಿ ಮುದುಕಿಯ ಮನೆಗೆಲಸ ಮಾಡುತ್ತಿದ್ದಳು. ಅವಳು ಅಣವೀರಪ್ಪನಿಗೆ ಎರಡನೆಯ ಹೆಂಡತಿ. ಅವನನ್ನು ಬಿಟ್ಟುಹೋದ ಮೊದಲನೆಯವಳು ಕಾಂದಿವಲಿಯಲ್ಲಿ ಹೊಲಿಗೆ ಮಾಡಿಕೊಂಡು ಒಬ್ಬಳೇ ಇದ್ದಳು. ಆಕೆಯ ಹೆಸರೆತ್ತಿದರೆ ನೀಲವ್ವನ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ರೆಬೆಕಾಬಾಯಿ ಬಾಣಂತಿ ಮೊಮ್ಮಗಳ ಕೋಣೆಯ ಗೋಡೆಗೆ ರಕ್ಷೆಯ ಹಾಳೆ ಅಂಟಿಸಿ, ಕಸ ಗುಡಿಸುತ್ತಿದ್ದ ನೀಲವ್ವನಿಗೆ ಹೇಳಿದರು: "ಲಿಲಿತ್ ಬಾರದಿರಲೆಂದು ಇದು. ಆದಮನ ಮೊದಲ ಹೆಂಡತಿ ಅವಳು. ಅವನ ಮಾತಿನಡಿ ಇರಲೊಪ್ಪದೆ ಹೊರಟುಹೋದಳು. ಈಗ ಕೂಸು ಕದಿಯುವ ದೆವ್ವ."

"ನಮ್ಮ ಕಾಲದವರಿಗೆ ಅವಳೇ ಮಾದರಿ, ಅಜ್ಜಿ," ಎಂದು ಮೊಮ್ಮಗಳು ನಕ್ಕಳು.

ಸಂಜೆ ಅಣವೀರಪ್ಪ ಊಟದ ತಾಟು ಸರಿಸಿದ. "ನನ್ನ ಬಿಟ್ಟು ಓಡಿಹೋದ ಆ ದೆವ್ವ ಛಲೋ ಸಾರು ಮಾಡ್ತಿತ್ತು ನೋಡು."

"ಆಕಿ ದೆವ್ವ ಅಲ್ರಿ," ಎಂದಳು ನೀಲವ್ವ. "ಆಕಿಗೆ ಹೋಗೂ ಧೈರ್ಯ ಇತ್ತು, ನನಗಿಲ್ಲ. ಅದಕ್ಕ ನನಗ ಹೊಟ್ಟಿಕಿಚ್ಚು."

ಅಣವೀರಪ್ಪ ತಾಟನ್ನು ಹತ್ತಿರ ಎಳೆದುಕೊಂಡ.