ಸಾಹೇಬರ ಉಂಗುರ ಮತ್ತು ಗಡಿಯ ಬಿರುಕು

ಬಂಡೆಗೆ ರಾಜ್ಯವೆಂಬುದಿಲ್ಲ, ಭಾಷೆಯೆಂಬುದಿಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದೆ ಲಾವಾ ಉಕ್ಕಿ ಹರಿದಾಗ ಅದು ಯಾವ ತಹಶೀಲ್ದಾರರ ಅಪ್ಪಣೆಯನ್ನೂ ಕೇಳಲಿಲ್ಲ. ಅದರ ಅಡಿಯಲ್ಲಿ ಹೂತುಹೋದ ಇನ್ನೂ ಹಳೆಯ ಬಂಡೆಗಂತೂ, ಮುಂದೊಂದು ದಿನ ಮನುಷ್ಯನೆಂಬವನು ಹುಟ್ಟಿ ತನ್ನ ನೆತ್ತಿಯ ಮೇಲೆ ಗಡಿಕಲ್ಲು ನೆಡುತ್ತಾನೆಂಬ ಕಲ್ಪನೆಯೂ ಇರಲಿಲ್ಲ. ಈ ಮಾತನ್ನು ನಮ್ಮ ಸಾಹೇಬರು ಪ್ರತಿ ಸಭೆಯಲ್ಲೂ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಕಣ್ಣು ತೆರೆದ ಮೇಲೆ, ಗಡಿಯಾಚೆಯ ಕಚೇರಿಯವರಿಗೆ ಅಳೆಯುವುದಕ್ಕೆ ಬರುವುದಿಲ್ಲ ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆಯ ಒಂದು ಸರಕಾರಿ ಕಚೇರಿಯ ಭೂಭೌತ ವಿಭಾಗದಲ್ಲಿದ್ದೆ. ನೆಲ ಅಗೆಯದೆ ನೆಲದೊಳಗೆ ಏನಿದೆ ಎಂದು ಹೇಳುವುದು ನಮ್ಮ ಕೆಲಸ. ನೆಂಟರಿಗೆ ಹೀಗೆ ವಿವರಿಸಿದಾಗಲೆಲ್ಲ ಅವರು ನನ್ನನ್ನು ಬೋರ್‌ವೆಲ್ ಜಾಗ ತೋರಿಸಲು ಕರೆಯುತ್ತಿದ್ದರು. ಹೋಗದಿದ್ದರೆ ಸೊಕ್ಕು ಬಂದಿದೆ ಎನ್ನುತ್ತಿದ್ದರು. ನಿಜವಾಗಿ ನಾವು ಮಾಡುತ್ತಿದ್ದುದು ಇಷ್ಟು. ಅಡಿಯಲ್ಲಿ ಭಾರವಾದ ಬಂಡೆ ಇದ್ದಲ್ಲಿ ಭೂಮಿಯ ಸೆಳೆತ ಕೂದಲೆಳೆಯಷ್ಟು ಹೆಚ್ಚುತ್ತದೆ. ಕಬ್ಬಿಣದ ಅಂಶವಿರುವ ಬಂಡೆ ಇದ್ದಲ್ಲಿ ಕಾಂತಬಲ ಏರುಪೇರಾಗುತ್ತದೆ. ಈ ಎರಡನ್ನೂ ಹಳ್ಳಿಯಿಂದ ಹಳ್ಳಿಗೆ ಅಳೆದುಕೊಂಡು ಹೋಗಿ, ಸಮ ಅಳತೆಯ ಜಾಗಗಳನ್ನು ಗೆರೆ ಎಳೆದು ಕೂಡಿಸಿದರೆ ನಕ್ಷೆಯಾಗುತ್ತದೆ. ಮಹಾರಾಷ್ಟ್ರದ ಕಡೆಯದು ನಮ್ಮ ಪಾಲು, ಕರ್ನಾಟಕದ ಕಡೆಯದು ಧಾರವಾಡದ ಕಡೆಯ ಇನ್ನೊಂದು ಕಚೇರಿಯ ಪಾಲು. ಎರಡನ್ನೂ ಗಡಿಯಲ್ಲಿ ಜೋಡಿಸಿ ಒಂದೇ ಹಾಳೆ ಮಾಡಬೇಕೆಂದು ಮುಖ್ಯ ಕಚೇರಿಯ ಆಜ್ಞೆ.

ಸೆಳೆತದ ನಕ್ಷೆ ಚೆನ್ನಾಗಿಯೇ ಕೂಡಿತು. ಕಾಂತದ ನಕ್ಷೆ ಕೂಡಲಿಲ್ಲ. ನಮ್ಮ ಗೆರೆಗಳು ಗಡಿಯವರೆಗೆ ಬಂದು ನಿಲ್ಲುತ್ತಿದ್ದವು, ಅವರವು ಬೇರೆಲ್ಲೋ ಶುರುವಾಗುತ್ತಿದ್ದವು. ಹಳ್ಳ, ಕಬ್ಬಿನ ಗದ್ದೆ, ಮಸೂತಿಯ ಗೋಡೆ, ಎಲ್ಲೆಲ್ಲಿ ಗಡಿ ವಕ್ರವಾಗಿ ತಿರುಗಿತ್ತೋ ಅಲ್ಲಲ್ಲಿ ಈ ಮುರಿತವೂ ಅಷ್ಟೇ ವಿಧೇಯತೆಯಿಂದ ತಿರುಗಿತ್ತು.

ಇದಕ್ಕೆ ಸಾಹೇಬರು ಕಂಡುಕೊಂಡ ಕಾರಣ, ಲಾವಾದ ಅಡಿಯ ಬಂಡೆಯಲ್ಲಿ ಒಂದು ಮಹಾ ಬಿರುಕಿದೆ ಎಂಬುದು. ಬಿರುಕು ರಾಜ್ಯಗಳ ಗಡಿಯನ್ನೇ ಹಿಡಿದು ಏಕೆ ನಡೆಯಬೇಕು ಎಂದು ನಾನು ಕೇಳಿದ್ದಕ್ಕೆ, ನಿಸರ್ಗದಲ್ಲಿ ಎಷ್ಟೋ ಕೌತುಕಗಳಿವೆ ಎಂದರು. ಉಪನ್ಯಾಸವನ್ನೂ ಸಿದ್ಧಪಡಿಸತೊಡಗಿದರು.

ನನಗೆ ಕೌತುಕದ ಹಸಿವಿರಲಿಲ್ಲ. ಮಾರ್ಚ್ ಒಳಗೆ ಎರಡೂ ಅರ್ಧಗಳು ಕೂಡದಿದ್ದರೆ ಪುಣೆಯ ವಿಭಾಗವನ್ನು ನಾಗಪುರಕ್ಕೆ ಸೇರಿಸಲಾಗುವುದು, ಸಿಬ್ಬಂದಿಯೂ ಅಲ್ಲಿಗೇ ಹೋಗತಕ್ಕದ್ದು ಎಂದು ಮುಖ್ಯ ಕಚೇರಿ ತಿಳಿಸಿತ್ತು. ಸಾಹೇಬರ ನಿವೃತ್ತಿ ಹತ್ತಿರದಲ್ಲಿತ್ತು. ಅವರಿಗೆ ನಾಗಪುರವೂ ಒಂದೇ, ನಕ್ಷತ್ರಲೋಕವೂ ಒಂದೇ. ನನ್ನ ಹೆಂಡತಿಗೆ ಪುಣೆಯ ಬ್ಯಾಂಕಿನಲ್ಲಿ ಕೆಲಸ. ಮದುವೆಯಾಗಿ ವರ್ಷಗಟ್ಟಲೆ ಒಬ್ಬರು ಸೊಲ್ಲಾಪುರ, ಒಬ್ಬರು ಪುಣೆ ಎಂದು ರೈಲಿನಲ್ಲೇ ಸಂಸಾರ ಮಾಡಿದವರು ನಾವು. ಆಗಷ್ಟೇ ಪುಣೆಯ ಅಂಚಿನ ವಾಕಡದಲ್ಲಿ ಸ್ವಂತ ಮನೆಗೆ ಬಂದಿದ್ದೆವು. ಸುತ್ತಲೂ ಇನ್ನೂ ಹೊಲ, ನೀರಿಗೆ ಟ್ಯಾಂಕರ್ ಕಾಯಬೇಕು. ಆದರೂ ಸಂಜೆ ಇಬ್ಬರೂ ಒಂದೇ ಬಾಗಿಲಿನೊಳಗೆ ಹೋಗುತ್ತಿದ್ದೆವು.

ಮುರಿತದ ನಿಜವಾದ ಕಾರಣ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಸಾಹೇಬರ ಬಲಗೈಯ ನಡುಬೆರಳಿನಲ್ಲಿತ್ತು.

ಕಾಂತದ ಅಳತೆಗೆ ಕಬ್ಬಿಣವೇ ವೈರಿ. ಈ ವಿಷಯದಲ್ಲಿ ನಮ್ಮ ಸಾಹೇಬರಷ್ಟು ಕಟ್ಟುನಿಟ್ಟಿನ ಮನುಷ್ಯನನ್ನು ನಾನು ಕಂಡಿಲ್ಲ. ನಮ್ಮ ಮನೆಗಳಲ್ಲಿ ಅಜ್ಜಿಯರು ಮಡಿಗೆ ಕಾವಲು ಕೂತಂತೆ ಅವರು ಪ್ರತಿ ಬೆಳಿಗ್ಗೆ ಹೊಲದ ಬದುವಿನಲ್ಲಿ ನಿಲ್ಲುತ್ತಿದ್ದರು. ಬೀಗದ ಕೈ ಆಚೆಗೆ, ಬೆಲ್ಟು ಆಚೆಗೆ, ಛತ್ರಿ, ಚಾಕು, ಗಡಿಯಾರ ಆಚೆಗೆ. ಜೀಪು ದೂರದ ಆಲದ ಮರದಡಿಯಲ್ಲಿ ಅಸ್ಪೃಶ್ಯವಾಗಿ ನಿಲ್ಲಬೇಕು. ನನ್ನ ಕನ್ನಡಕದ ಕಟ್ಟು ಲೋಹದ್ದೆಂದು ಪ್ಲಾಸ್ಟಿಕ್ಕಿನದನ್ನು ಮಾಡಿಸಿದ್ದರು. ಅದನ್ನು ಹಾಕಿಕೊಂಡರೆ ನಾನು ವಾರಾನ್ನದ ಹುಡುಗನಂತೆ ಕಾಣುತ್ತಿದ್ದೆ. ದಾರಿ ತೋರಿಸಲು ಬಂದ ಒಬ್ಬ ಪಾಟೀಲರ ಚಪ್ಪಲಿಯಲ್ಲಿ ಮೊಳೆಗಳಿವೆಯೆಂದು ಅವರನ್ನು ಬರಿಗಾಲಿನಲ್ಲಿ ಮುಳ್ಳಿನ ಮೇಲೆ ನಡೆಸಿದ್ದೂ ಉಂಟು.

ಇಷ್ಟೆಲ್ಲ ಮಾಡಿ, ತಾವು ಕರಿಕುದುರೆಯ ಲಾಳ ಬಡಿದು ಮಾಡಿಸಿದ ಉಂಗುರ ತೊಟ್ಟು, ಆ ಬೆರಳಿನಿಂದಲೇ ಉಪಕರಣದ ಮಟ್ಟ ಸರಿಪಡಿಸಿ ಓದುತ್ತಿದ್ದರು.

ಅದು ಶನಿಯ ಸಾಡೇಸಾತಿಗೆಂದು ಅವರ ಹೆಂಡತಿ ತೊಡಿಸಿದ ಉಂಗುರ. ಹೊಲದ ಅಳತೆಯನ್ನು ಸಾಹೇಬರು ಇನ್ನೊಬ್ಬರ ಕೈಗೆ ಬಿಟ್ಟುಕೊಡುತ್ತಿರಲಿಲ್ಲ. ದಿನದ ಅಳತೆಗಳನ್ನೆಲ್ಲ ಹೋಲಿಸಿ ನೋಡಲು ಕ್ಯಾಂಪಿನಲ್ಲಿ ಗೊತ್ತುಮಾಡಿದ ತಳಬಿಂದುವಿನಲ್ಲಿ ಮಾತ್ರ ಬೆಳಿಗ್ಗೆ, ಸಂಜೆ ನಾನು ಓದುತ್ತಿದ್ದೆ, ಏಕೆಂದರೆ ಅದು ಅವರ ಸಂಧ್ಯಾವಂದನೆಯ ಹೊತ್ತು. ಹೀಗಾಗಿ ತಳಬಿಂದುವಿಗೆ ಉಂಗುರವಿಲ್ಲ, ಹೊಲಕ್ಕೆ ಉಂಗುರವಿದೆ. ನಮ್ಮ ಪಾಲಿನ ಇಡೀ ಮಹಾರಾಷ್ಟ್ರ ಒಂದು ಲಾಳದ ಚೂರಿನಷ್ಟು ಎತ್ತರದಲ್ಲಿ ನಿಂತಿತ್ತು.

ಹೇಳುವವರು ಯಾರು? ನಾನು ಸುತ್ತುಬಳಸಿ ಪ್ರಯತ್ನಿಸಿದೆ. ಒಮ್ಮೆ ಊಟದ ಹೊತ್ತಿನಲ್ಲಿ, ಬೆರಳಿಗೆ ಉಂಗುರ ಬಿಗಿಯಾದರೆ ರಕ್ತ ಓಡುವುದಿಲ್ಲವಂತೆ ಎಂದೆ. ಅವರು ತಮ್ಮದು ಸಡಿಲವಾಗಿಯೇ ಇದೆ ಎಂದು ತಿರುಗಿಸಿ ತೋರಿಸಿದರು. ಇನ್ನೊಮ್ಮೆ ತೀರ ಸಣ್ಣ ಕಬ್ಬಿಣವೂ ತೊಂದರೆ ಕೊಡುತ್ತದೆಯೇ ಎಂದು ಏನೂ ಅರಿಯದವನಂತೆ ಕೇಳಿದೆ. ಗುಂಡುಸೂಜಿಯನ್ನೂ ಬಿಡಬಾರದು ಎಂದು ಅರ್ಧ ಗಂಟೆ ಪಾಠ ಹೇಳಿ, ಮರುದಿನದಿಂದ ನನ್ನ ಅಂಗಿಯ ಗುಂಡಿಗಳನ್ನೂ ತಪಾಸಣೆ ಮಾಡತೊಡಗಿದರು.

ಮನೆಯಲ್ಲಿ ಹೆಂಡತಿ ಇದನ್ನೆಲ್ಲ ಕೇಳಿ ನಗಲಿಲ್ಲ.

"ಸೀದಾ ಹೇಳ್ರಿ ಅವರಿಗೆ," ಎಂದಳು. "ನಿಮ್ಮ ಸಾಹೇಬರ ಬೆರಳಿನ ಸಲುವಾಗಿ ನಾ ಮತ್ತ ರೈಲು ಹತ್ತಂಗಿಲ್ಲ. ನೀವು ನಾಗಪುರಕ್ಕ ಹೊಂಟ್ರ ಒಬ್ಬರs ಹೋಗ್ರಿ."

ಕೊನೆಗೆ ಚಳಿಗಾಲದಲ್ಲಿ ಎರಡೂ ಕಚೇರಿಗಳು ಗಡಿಯಲ್ಲೇ ಕೂಡಿ, ಒಂದೇ ಜಾಗದಲ್ಲಿ ಎರಡೂ ಉಪಕರಣಗಳನ್ನಿಟ್ಟು ಓದಬೇಕೆಂದು ತೀರ್ಮಾನವಾಯಿತು. ಬಾರಾಮತಿ ದಾಟಿ, ಕಬ್ಬಿನ ಗಾಡಿಗಳ ಹಿಂದೆ ತೆವಳುತ್ತ, ಮರುದಿನ ಗಡಿ ತಲುಪಿದೆವು. ಈ ಕಡೆ ಮರಾಠಿ ಫಲಕ, ಆ ಕಡೆ ಕನ್ನಡ ಫಲಕ, ನಡುವೆ ಒಂದು ಚಹಾದ ಅಂಗಡಿ. ಅಂಗಡಿಯವನು ಎರಡೂ ಭಾಷೆಯಲ್ಲಿ ಹಾಲಿಲ್ಲ ಎಂದ. ಆಚೆಯ ಕಚೇರಿಯ ಅಧಿಕಾರಿ ಆಗಲೇ ಬಂದು ಕಾಯುತ್ತಿದ್ದರು. ಧಾರವಾಡದ ಕಡೆಯ ಮನುಷ್ಯ, ದಪ್ಪ ದೇಹ, ಸಾವಕಾಶದ ಮಾತು. ಸಾಹೇಬರು ಕುಶಲ ಕೇಳುವ ಮೊದಲೇ ಅವರ ಬೆಲ್ಟು ಬಿಚ್ಚಿಸಿದರು. ಆ ಮೇಲೆ ಅವರು ಎಡಗೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ತಮ್ಮ ಉಪಕರಣದಲ್ಲಿ ಅಳತೆ ಓದಿದರು.

ನಂತರ ನಮ್ಮ ಉಪಕರಣದಲ್ಲಿ ನಾನು ಓದಿದೆ. ಎರಡೂ ಹೆಚ್ಚುಕಡಿಮೆ ಒಂದೇ ಬಂದವು. ನನಗೆ ವಾಕಡದ ಮನೆಯ ಬಾಲ್ಕನಿ ಕಣ್ಣೆದುರು ಬಂತು. ಆಮೇಲೆ ಸಾಹೇಬರು ಅದೇ ಉಪಕರಣವನ್ನು ನನ್ನ ಕೈಯಿಂದ ತೆಗೆದುಕೊಂಡು, ಉತ್ತರಕ್ಕೆ ಮುಖ ಮಾಡಿ, ಬೆರಳಿನಿಂದ ಮಟ್ಟ ಸರಿಪಡಿಸಿ ಓದಿದರು. ಅಳತೆ ಮೇಲಕ್ಕೆ ಹಾರಿತು.

ನೋಡಿದಿರಾ, ಅನುಭವವಿಲ್ಲದವರ ಕೈಯಲ್ಲಿ ಉಪಕರಣ ಹೀಗೆ ಕಡಿಮೆ ತೋರಿಸುತ್ತದೆ ಎಂದು ಸಾಹೇಬರು ಎಲ್ಲರಿಗೂ ವಿವರಿಸಿದರು.

ಧಾರವಾಡದ ಅಧಿಕಾರಿ ಪ್ಯಾಂಟನ್ನು ಇನ್ನೊಮ್ಮೆ ಮೇಲಕ್ಕೆಳೆದುಕೊಂಡರು. "ಸರ, ನನ್ನ ಪಟ್ಟಾ ಬಿಚ್ಚಿಸಿದ್ರಿ, ನಾ ಏನರ ಅಂದೆನೇನ್ರಿ? ನಿಮ್ಮ ಬೆರಳಾಗಿಂದು ಅದೇನ್ರಿ?"

"ಅದು ಕಬ್ಬಿಣ ಅಲ್ಲ," ಎಂದರು ಸಾಹೇಬರು. "ಪರಿಹಾರ ಅದು."

"ಪರಿಹಾರ ಖರೆ ರೀ. ಅದು ಈ ಮಷೀನಿಗೆ ಹ್ಯಾಂಗ ತಿಳೀಬೇಕು?"

ಯಾರೂ ನಗಲಿಲ್ಲ. ನಗಬೇಕಾಗಿದ್ದ ನಮ್ಮ ಡ್ರೈವರ್ ಕೂಡ ಜೀಪಿನ ಟೈರು ನೋಡಲು ಹೊರಟುಹೋದ. ಸಾಹೇಬರು ಉಪಕರಣವನ್ನು ನನ್ನ ಕೈಗಿಟ್ಟು, ದೂರದ ಬೇವಿನ ಮರದ ಕೆಳಗೆ ಹೋಗಿ ಕುಳಿತರು. ಈ ಮನುಷ್ಯನ ಮೇಲೆ ವರ್ಷಗಳಿಂದ ಒಳಗೊಳಗೇ ಹಲ್ಲು ಕಡಿಯುತ್ತಿದ್ದ ನಾನು, ಆಗ ಅವರ ಹಿಂದೆ ನೀರಿನ ಬಾಟಲಿ ಹಿಡಿದು ಹೋದೆ.

ಅವರು ಉಂಗುರವನ್ನು ತಿರುಗಿಸುತ್ತ ಕುಳಿತಿದ್ದರು. ಮಗನಿಗೆ ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವರ ಮನೆಯವರು ಪುಣೆಯ ದಂಡುಪ್ರದೇಶದಲ್ಲಿ ಇನ್ನೂ ಉಳಿದಿದ್ದ ಒಬ್ಬ ಟಾಂಗಾದವನನ್ನು ಹುಡುಕಿ ಲಾಳ ತಂದಿದ್ದರಂತೆ. ಉಂಗುರ ತೊಟ್ಟ ವಾರದಲ್ಲಿ ಹುಡುಗ ಅನ್ನ ತಿಂದನಂತೆ. ಔಷಧದಿಂದಲೇ ಗುಣವಾಯಿತೆಂಬುದು ಅವರಿಗೂ ತಿಳಿದಿತ್ತು. ಕಾಂತದ ವಿಷಯವೂ ಮೊದಲಿನಿಂದಲೇ ತಿಳಿದಿತ್ತೋ ಏನೋ, ನಾನು ಕೇಳಲಿಲ್ಲ.

"ತಗೀಲಿಕ್ಕೆ ಎರಡು ಕ್ಷಣ ಸಾಕು," ಎಂದರು. "ತಗದ ದಿನ ಹುಡುಗಗ ಏನರ ಆತಂದ್ರ ಆಕಿಗೆ ನಾ ಏನಂತ ಹೇಳ್ಲಿ? ನೀನs ಓದು ಹೋಗು. ನಾ ಇಲ್ಲೇ ಕೂಡ್ತೀನಿ."

ಹಾಗಾಗಿ ಗಡಿಯ ಗುಂಟ ಅವರು ಹಿಂದೆ ಅಳೆದಿದ್ದ ಜಾಗಗಳಲ್ಲೆಲ್ಲ ನಾನು ಮತ್ತೊಮ್ಮೆ ಓದಿದೆ. ಸಾಹೇಬರು ಪ್ರತಿ ಊರಿನಲ್ಲೂ ಒಂದೊಂದು ಮರ ಆರಿಸಿಕೊಂಡು ಕುಳಿತರು. ಅವರ ಅಳತೆಗೂ ನನ್ನದಕ್ಕೂ ಎಲ್ಲ ಕಡೆ ಸುಮಾರು ಒಂದೇ ವ್ಯತ್ಯಾಸ. ಅವರು ಶಿಸ್ತಿನ ಮನುಷ್ಯ. ಯಾವಾಗಲೂ ಉತ್ತರಕ್ಕೇ ಮುಖ, ಅದೇ ಬೆರಳು, ಅದೇ ಹಿಡಿತ. ಅವರ ತಪ್ಪೂ ಅಷ್ಟೇ ಶಿಸ್ತಿನಿಂದ ಬಂದಿತ್ತು. ಅದನ್ನು ನಮ್ಮ ಪಾಲಿನ ಇಡೀ ನಕ್ಷೆಯಿಂದ ಕಳೆದದ್ದೇ ತಡ, ಗೆರೆಗಳು ಗಡಿ ದಾಟಿ ಆಚೆಯ ಗೆರೆಗಳನ್ನು ಹೋಗಿ ಕೂಡಿಕೊಂಡವು. ಮಹಾ ಬಿರುಕು ಒಂದು ಮಧ್ಯಾಹ್ನದಲ್ಲಿ ಮುಚ್ಚಿಹೋಯಿತು. ಉಪನ್ಯಾಸದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಉಳಿದದ್ದು, ಏಕೆ ಕಳೆದೆವೆಂದು ವರದಿಯಲ್ಲಿ ಬರೆಯುವ ಕೆಲಸ. ಎರಡೂ ಕಚೇರಿಯವರು ನಮ್ಮ ಪುಣೆಯ ಕಚೇರಿಯಲ್ಲಿ ಕುಳಿತು ಬಟಾಟೆ ವಡೆ ತಿನ್ನುತ್ತ ಯೋಚಿಸಿದೆವು. ಧಾರವಾಡದ ಅಧಿಕಾರಿ ಮೊದಲು 'ಶನಿ ತಿದ್ದುಪಡಿ' ಎಂದು ಬರೆಯೋಣವೆಂದರು; ಸಾಹೇಬರ ಮುಖ ನೋಡಿ ವಡೆಯ ಕಡೆಗೆ ತಿರುಗಿದರು. 'ವೀಕ್ಷಕರ ವೈಯಕ್ತಿಕ ಪ್ರಭಾವ' ಎಂದರೆ ಮುಖ್ಯ ಕಚೇರಿ ವಿಚಾರಣೆ ನಡೆಸುತ್ತದೆ, ನಿವೃತ್ತಿಯ ಅಂಚಿನಲ್ಲಿರುವವರಿಗೆ ಅದು ಬೇಡ. ಕೊನೆಗೆ ಧಾರವಾಡದವರೇ ದಾರಿ ತೋರಿಸಿದರು.

"ಉಪಕರಣದ ದೋಷ ಅಂತ ಬರೀರಿ. ಅದಕ್ಕೇನು ಹೆಂಡ್ತಿ ಮಕ್ಕಳಿಲ್ಲ, ಬಡ್ತಿ ಇಲ್ಲ. ಬೈಸಿಕೊಳ್ಳಲಿಕ್ಕೆ ಅದs ಛಲೋ."

ಎಲ್ಲರಿಗೂ ಹಾಯೆನಿಸಿತು. ಹಾಗೆಯೇ ಬರೆದೆವು. ನಕ್ಷೆ ಮಾರ್ಚ್ ಒಳಗೆ ಹೋಯಿತು, ಮುಖ್ಯ ಕಚೇರಿ ಎರಡೂ ವಿಭಾಗಗಳನ್ನು ಅಭಿನಂದಿಸಿತು, ನಾಗಪುರದ ಮಾತು ನಿಂತಿತು. ಆ ಭಾನುವಾರ ಹೆಂಡತಿ ಶ್ರೀಖಂಡ ಮಾಡಿದಳು.

ಮುಖ್ಯ ಕಚೇರಿಯಲ್ಲಿ ವರದಿಗಳನ್ನು ಯಾರೂ ಓದುವುದಿಲ್ಲವೆಂಬ ನಂಬಿಕೆಯ ಮೇಲೆ ನಮ್ಮ ಇಲಾಖೆ ನಿಂತಿದೆ. ಈ ವರದಿಯನ್ನು ಯಾರೋ ಓದಿದರು. ಮಳೆಗಾಲ ಮುಗಿಯುತ್ತಲೇ ಪ್ರಶ್ನೆ ಬಂತು: ದೋಷವುಳ್ಳ ಉಪಕರಣವನ್ನು ಇನ್ನೂ ಏಕೆ ಬಳಸುತ್ತಿದ್ದೀರಿ? ಕೂಡಲೇ ಹಿಂದಿರುಗಿಸತಕ್ಕದ್ದು. ದೋಷವನ್ನು ಸರಿಪಡಿಸಿಕೊಂಡಿದ್ದೇವೆ ಎಂದು ಬರೆದೆವು. ಯಾರಿಂದ, ಏನು ದೋಷ, ಪ್ರಮಾಣಪತ್ರವೆಲ್ಲಿ ಎಂದು ಕೇಳಿದರು.

ನಾನು ಉಪಕರಣವನ್ನು ತೊಡೆಯ ಮೇಲಿಟ್ಟುಕೊಂಡು ಪುಣೆಯ ಕಾರ್ಖಾನೆಗಳ ಪ್ರದೇಶವಾದ ಭೋಸರಿಗೆ ಹೋದೆ. ಅಲ್ಲಿ ಇಂಥ ಸೂಕ್ಷ್ಮ ಯಂತ್ರ ರಿಪೇರಿ ಮಾಡುವ ಒಬ್ಬ ಮರಾಠಿ ಗೃಹಸ್ಥರಿದ್ದರು. ಎರಡು ದಿನ ಇಟ್ಟುಕೊಂಡು ನೋಡಿ, ಇದರಲ್ಲಿ ದೋಷವಿಲ್ಲ, ಎಂದೂ ಇದ್ದಿರಲಿಕ್ಕಿಲ್ಲ, ಬೇಕಾದರೆ ಹಾಗೆಂದೇ ಬರೆದುಕೊಡುತ್ತೇನೆ ಎಂದರು. ಹಾಗೆ ಬರೆದುಕೊಟ್ಟರೆ ವರದಿ ಸುಳ್ಳಾಗುತ್ತದೆ. ದೋಷವಿತ್ತು, ತೆಗೆದೆ ಎಂದು ಬರೆಯಿರಿ ಎಂದು ಕೇಳಿಕೊಂಡೆ. ಇಲ್ಲದ ದೋಷ ತೆಗೆದೆನೆಂದು ಬರೆಯಲು ತಾನೇನು ಮಾಂತ್ರಿಕನೇ ಎಂದು ಅವರು ಸಿಟ್ಟಾದರು. ನನಗೆ ಮಾಂತ್ರಿಕನೇ ಬೇಕಾಗಿತ್ತು ಎಂದು ಹೇಳುವ ಧೈರ್ಯವಾಗಲಿಲ್ಲ. ಅವರು ತರಿಸಿದ ಚಹಾ ಕುಡಿದು ಬಂದೆ.

ಅಷ್ಟರಲ್ಲಿ ಸಾಹೇಬರು ನಿವೃತ್ತರಾಗಿದ್ದರು. ಬೀಳ್ಕೊಡುಗೆಯ ದಿನ ಬಂಡೆಗೆ ರಾಜ್ಯವಿಲ್ಲ ಎಂಬ ಮಾತನ್ನು ಇನ್ನೊಮ್ಮೆ ಹೇಳಿದರು. ಮಗನೂ ಬಂದಿದ್ದ; ಗಟ್ಟಿಮುಟ್ಟಾದ ತರುಣ, ಎರಡು ತಟ್ಟೆ ಫರಾಳ ತಿಂದ. ಉಪಕರಣದ ವಿಷಯ ಹೇಳಿದಾಗ ಸಾಹೇಬರು, ಬೇಕಾದರೆ ತಾವೇ ಮುಖ್ಯ ಕಚೇರಿಗೆ ನಿಜ ಬರೆಯುತ್ತೇನೆ ಎಂದರು. ಅವರ ಮನೆಯವರು ಪಕ್ಕದಲ್ಲೇ ನಿಂತಿದ್ದರು. ಬೇಡವೆಂದೆ.

ಉಪಕರಣ ಪೆಟ್ಟಿಗೆಯಲ್ಲಿ ಹೋಯಿತು, ತಿರುಗಿ ಬರಲಿಲ್ಲ. ಬದಲಿಗೆ ಬೇರೆಯದನ್ನು ಕಳಿಸಲಿಲ್ಲ. ಮರುವರ್ಷ, ಕಾಂತದ ಅಳತೆಗೆ ಉಪಕರಣವಿಲ್ಲದ ಕಾರಣ ಪುಣೆಯ ವಿಭಾಗಕ್ಕೆ ಕೆಲಸವಿಲ್ಲವೆಂದು ತೀರ್ಮಾನಿಸಿ ಅದನ್ನು ಮುಚ್ಚಿದರು. ಜೂನ್ ತಿಂಗಳಲ್ಲಿ ನಾನು ನಾಗಪುರದ ಕಚೇರಿಯಲ್ಲಿ ಹಾಜರಾದೆ. ಹೆಂಡತಿ ವಾಕಡದಲ್ಲಿ ಉಳಿದಳು.