ಅವಳ ಪಾಠವನ್ನು ನಾನು ಮುಗಿಸಿದ ದಿನ

ಹದಿನೈದು ದಿನಗಳಿಂದ ಕಂಡಕಂಡವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಟಿಸಿಎಚ್ ಟ್ರೇನಿಂಗ್ ಆದವರು ಯಾರರೆ ಅದಾರೇನ್ರಿ?"

ನಮ್ಮ ಶಾಲೆಯ ಟೀಚರೊಬ್ಬರು ಹೆರಿಗೆ ರಜೆಯಲ್ಲಿದ್ದಾರೆ. (ಈ ಅಂಕಣ ಬರೆಯುವವನು ಮುಂಡಗೋಡ ತಾಲೂಕಿನ ಹಳ್ಳಿಶಾಲೆಯೊಂದರ ಹೆಡ್‌ಮಾಸ್ತರನೂ ಹೌದು ಎಂಬುದು ನಿಮಗೆ ಗೊತ್ತು.) ಮೂರು ತಿಂಗಳ ಮಟ್ಟಿಗೆ ಯಾರನ್ನಾದರೂ ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿತ್ತು. ಜನ ಸಿಕ್ಕಿರಲಿಲ್ಲ.

ಕಡೆಗೆ ಚಿಗಳ್ಳಿಯ ಪೋಸ್ಟ್‌ಮನ್ ಹೇಳಿದ: "ಸನವಳ್ಳಿಯೊಳಗ ಒಬ್ಬಾಕಿ ಅದಾಳ್ರಿ. ತವರುಮನಿ ಹಳಿಯಾಳ ಕಡೆ. ಟ್ರೇನಿಂಗ್ ಆಗೇತಿ ಅಂತಾರ. ಆದ್ರ ಒಂದು ದಿನಾನೂ ಸಾಲಿಗೆ ಹೋಗಿಲ್ಲ, ಹೊಲದ ಕೆಲಸ ಮಾಡ್ತಾಳ."

ಟ್ರೇನಿಂಗ್ ಆದವಳಿಗೆ ಹೊಲದಲ್ಲೇನು ಕೆಲಸ? ರವಿವಾರ ಸೈಕಲ್ ಹತ್ತಿ ಹೊರಟೆ.

ಅಂಗಳದಲ್ಲಿ ಒಬ್ಬಳು ಹೆಂಗಸು ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಿದಳು. ಮೊರ ಕೆಳಗಿಟ್ಟು ಎದ್ದು ನಿಂತಳು.

"ಬರ್ರಿ ಸರ್ರ," ಅಂದಳು. ನಾನು ಹೆಸರು ಹೇಳುವ ಮೊದಲೇ.

ಫಿಲೋಮಿನಾ! ಹತ್ತು ವರ್ಷವಾದರೂ ನನಗೂ ಗುರುತು ಸಿಕ್ಕಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಾನಾಗ ಹಳಿಯಾಳದ ಒಂದು ಶಾಲೆಯಲ್ಲಿದ್ದೆ. ಟ್ರೇನಿಂಗಿನವರು ಪ್ರಾಕ್ಟೀಸ್ ಪಾಠಕ್ಕೆ ನಮ್ಮಲ್ಲಿಗೆ ಬರುತ್ತಿದ್ದರು. ಒಬ್ಬೊಬ್ಬರಿಗೆ ಒಬ್ಬೊಬ್ಬ ಮಾಸ್ತರರು ಮಾರ್ಗದರ್ಶಕರು. ನನ್ನ ಪಾಲಿಗೆ ಬಂದವಳು ಫಿಲೋಮಿನಾ. ಕಾಡಂಚಿನ ಸಿದ್ದಿಯರ ಕೇರಿಯಿಂದ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಹುಡುಗಿ. ಮನೆಮಾತು ಕೊಂಕಣಿ. ಮೆಲ್ಲಗೆ ಮಾತಾಡುತ್ತಿದ್ದಳು. ಆದರೆ ಮಕ್ಕಳು ಸುತ್ತ ಕೂತರೆ ಆ ದನಿಗೆ ಬೇರೆಯೇ ಕಳೆ ಬರುತ್ತಿತ್ತು. ಅದನ್ನು ನಾನು ಆಗಲೇ ಗಮನಿಸಿದ್ದೆ. ಅದಕ್ಕೇ ಈಗ ಇಷ್ಟು ನೋವು.

ಅವತ್ತು ನಾಲ್ಕನೇ ಇಯತ್ತೆಗೆ ಗಿಡದ ಭಾಗಗಳ ಪಾಠ. ಕೇರಿಯಿಂದ ಒಂದು ಚೆಂಡುಹೂವಿನ ಗಿಡವನ್ನು ಮಣ್ಣಿನ ಸಮೇತ ಕಿತ್ತು, ಒದ್ದೆ ಅರಿವೆಯಲ್ಲಿ ಸುತ್ತಿ, ಅಷ್ಟು ದೂರ ನಡೆದು ತಂದಿದ್ದಳು. ಹಿಂದಿನ ಬೆಂಚಿನಲ್ಲಿ ಟ್ರೇನಿಂಗ್ ಕಾಲೇಜಿನ ಲೆಕ್ಚರರು ಅಂಕ ಹಾಕಲು ಪೆನ್ನು ಹಿಡಿದು ಕೂತಿದ್ದರು. ಅವರ ಪಕ್ಕ ನಾನು.

ಹೂವು ಆಯಿತು. ಎಲೆ, ಕಾಂಡ ಆಯಿತು. ಬೇರಿಗೆ ಬಂದಾಗ ಅವಳ ಬಾಯಿಗೆ ಮನೆಯ ಕೊಂಕಣಿ ಶಬ್ದ ಬಂದುಬಿಟ್ಟಿತು. ಒಬ್ಬ ಹುಡುಗ ಕಿಸಕ್ಕೆಂದ. ಆಮೇಲೆ ಇಡೀ ವರ್ಗ ನಕ್ಕಿತು. (ಅವಳ ಗುಂಗುರು ಕೂದಲು ನೋಡಿ ನಗಲು ಅವರು ಮೊದಲ ದಿನದಿಂದಲೂ ಕಾಯುತ್ತಿದ್ದರು. ನಾನು ಕಂಡೂ ಕಾಣದವನಂತೆ ಇದ್ದೆ.) ಫಿಲೋಮಿನಾ ನಿಂತುಬಿಟ್ಟಳು. ಕೈಯಲ್ಲಿದ್ದ ಗಿಡದಿಂದ ಮಣ್ಣು ಉದುರುತ್ತಿತ್ತು.

ಎಷ್ಟು ಹೊತ್ತು ನಿಂತಿದ್ದಳು? ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಲೆಕ್ಚರರು ಪೆನ್ನಿನ ಟೋಪಿ ಹಾಕಿದರು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, "ಕೂಡವಾ ನೀ, ನಾ ಹೇಳ್ತೇನಿ," ಎಂದು ಗಿಡ ಇಸಿದುಕೊಂಡೆ.

ಆಮೇಲೆ ನಾನು ಮಾಡಿದ ಪಾಠ ಇದೆಯಲ್ಲ, ಅಷ್ಟು ಚೆಂದದ ಪಾಠ ನಾನು ಮತ್ತೆ ಮಾಡಿಲ್ಲ. ಮಕ್ಕಳು ಬಾಯಿ ತೆರೆದು ಕೇಳಿದವು. ಲೆಕ್ಚರರು ಕೈ ಕುಲುಕಿದರು. ಫಿಲೋಮಿನಾ ಮುಂದಿನ ಸಾಲಿನಲ್ಲಿ, ಮಕ್ಕಳ ನಡುವೆ, ಕೈಕಟ್ಟಿ ಕೂತಿದ್ದಳು.

ಉಳಿದ ಪಾಠಗಳನ್ನೂ ಮಾಡಿದಳು. ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು. ಪಾಸೂ ಆದಳು. ನಾನು ಅವಳನ್ನು ಮರೆತೆ.

ಈಗ ಅಂಗಳದಲ್ಲಿ ಚಾಪೆ ಹಾಕಿ ಕೂರಿಸಿದಳು. ಚಹಾ ಕೊಟ್ಟಳು. ನಾನು ಬಂದ ಕೆಲಸ ಹೇಳಿದೆ. ಹೊಲಕ್ಕಿಂತ ಸಾಲಿ ಮೇಲಲ್ಲವೇನವಾ, ಮೂರು ತಿಂಗಳು ಮಾಡಿದರೆ ಮುಂದೆ ದಾರಿಯಾದೀತು ಎಂದೆ.

"ಬ್ಯಾಡ್ರಿ ಸರ್ರ. ನನ್ನ ಕಡಿಂದ ಆಗೂದಿಲ್ಲ."

"ಯಾಕವಾ? ಅವತ್ತು ನಾ ಬೈದೆ ಅಂತೇನು?"

ಅವಳು ತುಸು ನಕ್ಕಳು. "ನೀವೆಲ್ಲಿ ಬೈದ್ರಿ? ಬೈದಿದ್ರ ನಾಕು ದಿನ ಅತ್ತು ಮರೀತಿದ್ದೆ. ನೀವು ಎಷ್ಟು ಛಂದ ಕಲಿಸಿದ್ರಿ ಅಂದ್ರ, ಇದು ನನ್ನಂಥಾಕಿಗೆ ಬರೂವಂಥದ್ದಲ್ಲ ಅಂತ ನಂಗ ಅವತ್ತ ಗೊತ್ತಾತ್ರಿ. ಆಮ್ಯಾಲ ನೌಕರಿ ಆರ್ಡರ್ ಬಂದಿತ್ತು. ಜೋಯಿಡಾ ಕಡೆ ಸಾಲಿ. ಬಾಗಲತನಾ ಹೋದೆ. ಒಳಗ ಮಕ್ಕಳ ನಗಿ ಕೇಳಿಸ್ತು. ಹಂಗ ತಿರುಗಿ ಬಂದೆ."

ಯಾವ ದೂರೂ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನಾನಾದರೂ ಏನಾದರೂ ಸಮಜಾಯಿಷಿ ಹೇಳಬಹುದಿತ್ತು. ಚಹಾದ ಲೋಟ ಕೆಳಗಿಟ್ಟೆ.

ಏಳು ವರ್ಷದ ಮಗಳು ಬಂದು ತಾಯಿಯ ಬೆನ್ನಿಗೆ ಆತುಕೊಂಡಳು. ಯಾವ ಇಯತ್ತೆ ಎಂದು ಕೇಳಿದೆ. ಎರಡನೇ ಇಯತ್ತೆ, ಆದರೆ ನಾಲ್ಕನೆಯದರ ಪುಸ್ತಕ ತಡವರಿಸದೆ ಓದುತ್ತಾಳಂತೆ. ಯಾರು ಕಲಿಸಿದ್ದು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ವಾಪಸು ಬರುವಾಗ ಸೈಕಲ್ ತಳ್ಳಿಕೊಂಡೇ ನಡೆದೆ. ಆಗ ನನ್ನದೇ ಪ್ರಾಕ್ಟೀಸ್ ದಿನಗಳು ನೆನಪಾದವು. ದಾಂಡೇಲಿಯ ಶಾಲೆ. ಐದನೇ ಇಯತ್ತೆಯ ಲೆಕ್ಕ. ನಡುವೆ ನಾನೂ ಮುಂದೆ ತೋಚದೆ ನಿಂತುಬಿಟ್ಟಿದ್ದೆ. ಬೆವರು ಕಣ್ಣಿಗಿಳಿದು ಬೋರ್ಡೇ ಕಾಣುತ್ತಿರಲಿಲ್ಲ. ನನ್ನ ಮಾರ್ಗದರ್ಶಕರಾಗಿದ್ದ ಹಿರಿಯ ಮಾಸ್ತರರು ಏನು ಮಾಡಿದರು? ನಕ್ಕ ಹುಡುಗರನ್ನು ಒಮ್ಮೆ ನೋಡಿದರು, "ಸ್ವಲ್ಪ ನೀರು ಕುಡದು ಬರ್ತೇನಪಾ, ನಡಸು," ಎಂದು ಎದ್ದು ಹೊರಗೆ ಹೋದರು. ಗಂಟೆ ಹೊಡೆಯುವವರೆಗೂ ಬರಲಿಲ್ಲ. ಅಳಿಸಿ, ಮತ್ತೆ ಬರೆದು, ತಪ್ಪಿ, ಹೇಗೋ ಮುಗಿಸಿದೆ. ಬಹಳ ಕೆಟ್ಟ ಪಾಠ. ಆದರೆ ಅದು ನನ್ನದಾಗಿತ್ತು. ಮರುದಿನ ನಾನು ಧೈರ್ಯವಾಗಿ ವರ್ಗಕ್ಕೆ ಹೋದೆ. ಇವತ್ತಿಗೂ ಹೋಗುತ್ತಿದ್ದೇನೆ.

ನನಗೆ ಸಿಕ್ಕಿದ್ದನ್ನು ಅವಳಿಗೆ ಕೊಡಲು ಏನಾಗಿತ್ತು ನನಗೆ? ಅವಳಿಗೆ ನೆರವಾಗುತ್ತಿದ್ದೇನೆ ಅಂದುಕೊಂಡಿದ್ದೆ. ನಿಜ ಹೇಳಲೇ? ಲೆಕ್ಚರರು ನೋಡುತ್ತಿದ್ದರು. ಅಷ್ಟೇ.

ಮರುದಿನವೂ ಸನವಳ್ಳಿಗೆ ಹೋದೆ. ಅವಳು ಹೊಲಕ್ಕೆ ಹೋಗಿದ್ದಳು. ಬಾಗಿಲಿಗೆ ಬೀಗ. ಶಾಲೆಗೆ ಸಿರಸಿಯಿಂದ ಬೇರೊಬ್ಬರು ಬಂದಿದ್ದಾರೆ. ಚೆನ್ನಾಗಿ ಕಲಿಸುತ್ತಾರೆ.

ಮುಂದಿನ ಸೋಮವಾರ ಟ್ರೇನಿಂಗಿನ ಇಬ್ಬರು ಹುಡುಗಿಯರು ನಮ್ಮ ಶಾಲೆಗೆ ಬರುತ್ತಾರೆ. ಅವರು ತಡವರಿಸಿದರೆ ನಾನು ಜಾಗ ಬಿಟ್ಟು ಏಳುವುದಿಲ್ಲ. ನಗುವ ಹುಡುಗರನ್ನು ಮಾತ್ರ ಸುಮ್ಮನಾಗಿಸುತ್ತೇನೆ. ಇಷ್ಟು ಬುದ್ಧಿ ಬಂದಿದೆ ನನಗೆ.

ಆದರೆ ಅದು ಬರಲಿಕ್ಕೆ ಒಬ್ಬ ಟೀಚರೇ ಕಳೆದುಹೋಗಬೇಕಾಯಿತಲ್ಲ?