ಮೂಳೆಪಟ್ಟಿಗೆ ಹುಣಸೆಹಣ್ಣು

ಕ್ಷಮಿಸುವುದು ದೊಡ್ಡ ಗುಣ ಎನ್ನುತ್ತಾರೆ. ನನಗದು ಬಂದಿಲ್ಲ, ಬರುವುದೂ ಬೇಡ.

ಬೀದರಿನ ಕಾಲೇಜೊಂದರ ಲ್ಯಾಬಿನಲ್ಲಿ ಎರಡು ವರ್ಷ ಮೆಗ್ನೀಸಿಯಂ ಕರಗಿಸಿದವಳು ನಾನು. ಮುರಿದ ಮೂಳೆಗೆ ಕೂರಿಸುವ ಪಟ್ಟಿ ಮಾಡಬೇಕಿತ್ತು. ಮೂಳೆ ಕೂಡುವವರೆಗೆ ಅದು ಗಟ್ಟಿಯಾಗಿ ಹಿಡಿದುಕೊಂಡಿದ್ದು, ಆಮೇಲೆ ಮೈಯೊಳಗೇ ಕರಗಿಹೋಗಬೇಕು. ಸಾಯಗಾಂವದ ನಮ್ಮ ಕಾಕುವಿನ, ಅಂದರೆ ಚಿಕ್ಕಮ್ಮನ, ಮುರಿದ ಕೈಗೆ ಹಾಕಿದ್ದ ಸ್ಟೀಲ್ ಪಟ್ಟಿ ತೆಗೆಯಲು ಭಾಲ್ಕಿಯಲ್ಲಿ ಮತ್ತೊಮ್ಮೆ ಕೊಯ್ದಾಗ ಆಕೆ ಅತ್ತದ್ದನ್ನು ಕಂಡಿದ್ದೆ. ಅದಕ್ಕೇ ಈ ಹಟ.

ದಿನಾ ಔರಾದದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಕರಗಿದ ಮೆಗ್ನೀಸಿಯಂಗೆ ಗಾಳಿ ತಾಗಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಆರ್ಗಾನ್ ಅನಿಲದ ಮುಸುಕಿನಲ್ಲೇ ಕರಗಿಸಬೇಕು. ಸ್ವಲ್ಪ ಸತು, ಚಿಟಿಕೆ ಕ್ಯಾಲ್ಸಿಯಂ ಬೆರೆಸಿ, ಎರಕ ಹೊಯ್ದು, ಬಿಸಿಯಲ್ಲೇ ಒತ್ತಿ ಪಟ್ಟಿ ತೆಗೆಯುತ್ತಿದ್ದೆ. ಇಷ್ಟು ಮಾಡಿದರೂ ಹಾಳಾದ್ದು, ಮೈಯೊಳಗಿನ ದ್ರವದ ಬದಲಿಗೆಂದು ಇಟ್ಟ ಉಪ್ಪುನೀರಿನಲ್ಲಿ ಬೇಗ ಕರಗಿಬಿಡುತ್ತಿತ್ತು. ಕೊನೆಗೆ ಅದರ ಮೇಲೆ ಬೂದಿಬಣ್ಣದ ತೆಳುಪೊರೆ ಕಟ್ಟುವುದನ್ನು ಕಲಿತೆ. ನೋಡಲು ಮಂಕು, ಆದರೆ ಕರಗುವುದನ್ನು ನಿಧಾನಗೊಳಿಸುತ್ತಿದ್ದದ್ದು ಆ ಪೊರೆಯೇ. ನನ್ನ ಎರಡು ವರ್ಷವೆಲ್ಲ ಅದರಲ್ಲಿತ್ತು.

ಪಟ್ಟಿ ನೋಡಲು ಊರಿನ ಮೂಳೆ ಡಾಕ್ಟರೊಬ್ಬರು ಬರುವವರಿದ್ದರು. ಅವರು ಒಪ್ಪಿದರೆ ಕೆಲಸ ಮುಂದಿನ ಪರೀಕ್ಷೆಗೆ ಹೋಗುತ್ತಿತ್ತು. ಕುಲುಮೆಯ ಹತ್ತಿರ ಒಂದು ದಿನವೂ ಸುಳಿಯದ ನಮ್ಮ ವಿಭಾಗದ ಹಿರಿಯ ಸರ್, ವರದಿಯ ಮೇಲೆ ತಮ್ಮ ಹೆಸರೊಂದನ್ನೇ ಹಾಕಿಸಿದ್ದರು. ನನ್ನ ಹೆಸರೆಲ್ಲಿ ಎಂದು ಕೇಳಿದೆ.

"ನೀವಿನ್ನೂ ಸಣ್ಣೋರಿದ್ದೀರಿ ಮೇಡಂ. ಹೆಸರ ಮುಂದ ಬರ್ತದ. ನಾಳಿ ಡಾಕ್ಟರ್ ಮುಂದ ಬಾಯಿ ಮುಚ್ಕೊಂಡು ನಿಂದರ್ರಿ."

ಮೈಯೆಲ್ಲ ಉರಿದುಹೋಯಿತು. "ಆಯ್ತ್ರಿ ಸರ್" ಎಂದೆ.

ಮರುದಿನ ಬೆಳಿಗ್ಗೆ ಹೋದರೆ, ಸರ್ ನಲ್ಲಿಯ ಮುಂದೆ ನಿಂತು ನನ್ನ ಪಟ್ಟಿಗಳನ್ನು ತಿಕ್ಕುತ್ತಿದ್ದಾರೆ. ಕೈಯಲ್ಲಿ ಹುಣಸೆಹಣ್ಣು, ಉಪ್ಪು!

"ಎಷ್ಟು ಕರ್ರಗ ಆಗ್ಯಾವ ನೋಡ್ರಿ. ನಮ್ಮ ಮನ್ಯಾಗ ತಾಮ್ರದ ಕೊಡ ಹಿಂಗೇ ತಿಕ್ತಾರ, ಲಕಲಕ ಹೊಳೀತಾವ. ಹೊಲಸು ಹ್ಯಾಂಗ ನೊರಿಯಾಗಿ ಬಿಡ್ತದ ನೋಡ್ರಿ!"

ಅಯ್ಯೋ ಪುಣ್ಯಾತ್ಮ, ಅದು ಹೊಲಸಲ್ಲ! ಹುಳಿಗೆ ನನ್ನ ಪೊರೆ ಕಿತ್ತುಹೋಗಿ ಲೋಹವೇ ನೊರೆಯಾಗುತ್ತಿತ್ತು. ಒಂದೇ ಒಂದು ಪಟ್ಟಿ ಮಾಡಿದ್ದವರಿಗೂ ಇದು ತಿಳಿಯುತ್ತಿತ್ತು. ತಡೆಯಬಹುದಿತ್ತು. ಬಾಯಿ ಮುಚ್ಚಿಕೊಂಡು ನಿಲ್ಲು ಅಂದಿದ್ದರಲ್ಲ, ನಿಂತೆ. ತಿಕ್ಕು, ಇನ್ನೂ ತಿಕ್ಕು ಎಂದು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ಡಾಕ್ಟರ್ ಬಂದರು. ವಿಭಾಗದವರೆಲ್ಲ ಸುತ್ತ ನೆರೆದರು. ಸರ್ ಹೊಳೆಯುವ ಪಟ್ಟಿಯೊಂದನ್ನು ಉಪ್ಪುನೀರಿನ ಗ್ಲಾಸಿಗೆ ಇಳಿಸಿದರು. ಸೋಡಾದಲ್ಲಿ ಎದ್ದಂತೆ ಗುಳ್ಳೆಗಳು ಎದ್ದವು.

"ಏನ್ರಿ ಇದು? ಎಲುಬು ಕೂಡೂಕಿಂತ ಮೊದಲ ಇದೇ ಕರಗಿ ಹೋಗ್ತದಲ್ಲ!" ಡಾಕ್ಟರ್ ಸಿಟ್ಟಾದರು. "ಯಾರು ಮಾಡ್ಯಾರ ಇದನ್ನ?"

ಸರ್ ಥಟ್ಟನೆ ನನ್ನ ಕಡೆ ಬೆರಳು ತೋರಿಸಿದರು. "ಇವರೇ ಮಾಡ್ಯಾರ್ರಿ. ಎಲ್ಲಾ ಇವರದೇ ಕೆಲಸ. ನಾ ಕೈ ಸೈತ ಹಚ್ಚಿಲ್ರಿ."

ಎಲ್ಲರೂ ಕೇಳಿಸಿಕೊಂಡರು. ನಾನು ಅವಸರ ಮಾಡಲಿಲ್ಲ. ಹುಣಸೆಹಣ್ಣು ತಾಗದೆ ಕಪಾಟಿನಲ್ಲಿ ಉಳಿದಿದ್ದ ಮಂಕು ಪಟ್ಟಿಯೊಂದನ್ನು ತಂದು ಇನ್ನೊಂದು ಗ್ಲಾಸಿಗೆ ಇಳಿಸಿದೆ. ಒಂದೆರಡು ಗುಳ್ಳೆ ಬಿಟ್ಟರೆ ನೀರು ಸುಮ್ಮನಿತ್ತು. ಡಾಕ್ಟರ್ ಬಗ್ಗಿ ಬಹಳ ಹೊತ್ತು ನೋಡಿದರು.

"ಇದನ್ನೂ ನಾನೇ ಮಾಡೀನ್ರಿ," ಎಂದೆ. "ಸರ್ ಕೈ ಸೈತ ಹಚ್ಚಿಲ್ಲ. ಅವರೇ ಹೇಳಿದ್ರಲ್ರಿ, ವರದಿಯೊಳಗ ಹಂಗೇ ಬರಕೊಳ್ರಿ."